ಖಡಕಲಾಟದ ಸುಲೋಚನಾ: ಯಾವ ಪಾತ್ರಕ್ಕೆ ಮೊದಲ ಸ್ಥಾನ?

ಜೂನ್ ತಿಂಗಳು ಬಂತೆಂದರೆ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯ ಓದುಗರು ಸುಲೋಚನಾ ಅವರ ವಿಷಯ ತೆಗೆಯುತ್ತಾರೆ. 2023ರ ಜೂನ್ 4ರಂದು ಮುಂಬೈಯಲ್ಲಿ, 94ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲಂತೂ ಈ ಮಾತು ಹೆಚ್ಚಾಗಿದೆ. ಕೇಳುವ ಪ್ರಶ್ನೆ ಒಂದೇ. ಅವರ ಪಾತ್ರಗಳಲ್ಲಿ ಮೊದಲನೆಯದು ಯಾವುದು, ಎರಡನೆಯದು ಯಾವುದು, ಮೂರನೆಯದು ಯಾವುದು? ಕೆಲವರಿಗೆ ಫಿಲ್ಮ್‌ಫೇರ್ ಪಟ್ಟಿ ಬೇಕು. ಪ್ರಶಸ್ತಿಯ ಕಣಕ್ಕೆ ಇಳಿದ ಪಾತ್ರಗಳನ್ನಷ್ಟೇ ತೂಗಿ ನೋಡಿ ಎನ್ನುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ಅರವತ್ತು ದಾಟಿದವರು, “ಪ್ರಶಸ್ತಿ ತಗೊಂಡು ಏನ್ ಮಾಡ್ತೀರಿ? ನಮ್ಮವ್ವ ಯಾವ ಪಿಕ್ಚರ್ ನೋಡಿ ಹೆಚ್ಚು ಅತ್ತಿದ್ಲು ಅದನ್ನ ಹೇಳ್ರಿ” ಎಂದು ಜಗಳಕ್ಕೇ ಬರುತ್ತಾರೆ. ಎರಡೂ ಕಡೆಯವರಿಗೆ ಉತ್ತರ ಕೊಡುವುದು ಬಾಕಿ ಇತ್ತು.

ಮೊದಲು ಯಾವ ಸುಲೋಚನಾ ಎಂಬುದು ಸ್ಪಷ್ಟವಾಗಲಿ. ಮೂಕಿಚಿತ್ರಗಳ ಕಾಲದ ದೊಡ್ಡ ತಾರೆ ರೂಬಿ ಮೇಯರ್ಸ್ ತೆರೆಯ ಮೇಲೆ ಸುಲೋಚನಾ ಎಂದೇ ಹೆಸರಾದವರು. ಲಾವಣಿ ಹಾಡಿ ಮನೆಮಾತಾದವರು ಸುಲೋಚನಾ ಚವ್ಹಾಣ. ನಾವು ಮಾತಾಡುತ್ತಿರುವುದು ಸುಲೋಚನಾ ಲಾಟಕರ್ ಅವರ ಬಗ್ಗೆ, ಚಿತ್ರರಂಗದವರೆಲ್ಲ ದೀದಿ ಎಂದು ಕರೆಯುತ್ತಿದ್ದವರ ಬಗ್ಗೆ. ಅವರು ಹುಟ್ಟಿದ್ದು 1928ರ ಜುಲೈ 30ರಂದು, ನಮ್ಮ ಚಿಕ್ಕೋಡಿ–ನಿಪ್ಪಾಣಿ ಸೀಮೆಯ ಖಡಕಲಾಟ ಗ್ರಾಮದಲ್ಲಿ. ಅಡ್ಡಹೆಸರಿನಲ್ಲಿ ಕೂತಿರುವುದು ಆ ಊರೇ. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ರಾಯಬಾಗ ಕೊಲ್ಹಾಪುರ ಸಂಸ್ಥಾನದ ಆಡಳಿತದಲ್ಲಿತ್ತು. ಈ ಭಾಗದ ಮಂದಿಗೆ ಸಂತೆಗೂ ದವಾಖಾನೆಗೂ ಸಿನಿಮಾಕ್ಕೂ ಕೊಲ್ಹಾಪುರ, ಮಿರಜ, ಸಾಂಗಲಿಯೇ ಹತ್ತಿರ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕವೆಲ್ಲ ಸುತ್ತಿದ ಹಾಗೆ, ಖಡಕಲಾಟದ ಹುಡುಗಿಯೂ ಕೊಲ್ಹಾಪುರದ ನಟಿಯಾಗಿಯೇ ಲೋಕಕ್ಕೆ ಪರಿಚಯವಾದಳು. ಅದರಲ್ಲಿ ತಕರಾರು ತೆಗೆಯುವಂಥದ್ದೇನಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ಕನ್ನಡ ನಾಡಿನ ನಟಿಯರ ಪಟ್ಟಿ ಮಾಡುವವರು ಈ ಹೆಸರನ್ನು ಮರೆತಾಗ ಮನಸ್ಸಿಗೆ ನೋವಾಗುವುದು ನಿಜ.

ಕೊಲ್ಹಾಪುರದಲ್ಲಿ ಮಾಸ್ಟರ್ ವಿನಾಯಕರ ಪ್ರಫುಲ್ಲ ಪಿಕ್ಚರ್ಸ್ ಸಂಸ್ಥೆಯ ‘ಚಿಮುಕಲಾ ಸಂಸಾರ್’ 1943ರಲ್ಲಿ ಬಂತು. ಸುಲೋಚನಾ ಬಣ್ಣ ಹಚ್ಚಿದ್ದು ಅಲ್ಲಿಂದ. ಅದೇ ಸಂಸ್ಥೆಯಲ್ಲಿ ಆಗ ಸಂಬಳಕ್ಕಿದ್ದ ಇನ್ನೊಬ್ಬ ಹುಡುಗಿ ಲತಾ ಮಂಗೇಶ್ಕರ್. ವಿನಾಯಕರು ಸಂಸ್ಥೆಯನ್ನು ಮುಂಬೈಗೆ ಒಯ್ದಾಗ ಸುಲೋಚನಾ ಕೊಲ್ಹಾಪುರದಲ್ಲೇ ಉಳಿದು ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೊ ಸೇರಿದರು. ಸುಲೋಚನಾ ಎಂಬ ಹೆಸರು ಕೊಟ್ಟವರು ಭಾಲಜಿ. ಗಾಂಧೀಜಿ ಹತ್ಯೆಯಾದ ಮೇಲೆ, 1948ರ ಗಲಭೆಯಲ್ಲಿ ಜಯಪ್ರಭಾಕ್ಕೆ ಬೆಂಕಿ ಬಿತ್ತು. ಸಿದ್ಧವಾಗಿದ್ದ ‘ಮೀಠ ಭಾಕರ್’ ಚಿತ್ರದ ಸುರುಳಿಗಳು ಸುಟ್ಟುಹೋದವು. ಭಾಲಜಿ ಆ ಚಿತ್ರವನ್ನು ಮೊದಲಿಂದ ಮತ್ತೆ ತೆಗೆದರು, ಸುಲೋಚನಾ ಅದರಲ್ಲಿ ನಟಿಸಿದರು. ಇಪ್ಪತ್ತರ ವಯಸ್ಸಿಗೇ ಅವರು ಕಲಿತ ಪಾಠಶಾಲೆ ಅಂಥದ್ದು. ಮುಂದೆ ಮರಾಠಿಯಲ್ಲಿ ಹತ್ತಾರು, ಹಿಂದಿಯಲ್ಲಿ ನೂರಾರು ಚಿತ್ರಗಳಾದವು.

ಈಗ ಪ್ರಶಸ್ತಿಯ ಪಟ್ಟಿ ಕೇಳುವವರಿಗೆ. ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ತೂಗುವ ಆಟ ಕೆಲವು ನಟಿಯರಿಗೆ ಚೆನ್ನಾಗಿ ಒಗ್ಗುತ್ತದೆ. ಮೀನಾಕುಮಾರಿಯನ್ನು ತೆಗೆದುಕೊಳ್ಳಿ. 1963ರ ಫಿಲ್ಮ್‌ಫೇರ್‌ನಲ್ಲಿ ಅತ್ಯುತ್ತಮ ನಟಿ ವಿಭಾಗಕ್ಕೆ ಬಂದ ಮೂರೂ ಹೆಸರು ಅವರದೇ: ‘ಆರತಿ’, ‘ಮೈ ಚುಪ್ ರಹೂಂಗಿ’, ‘ಸಾಹಿಬ್ ಬೀಬಿ ಔರ್ ಗುಲಾಮ್’. ಗೆದ್ದದ್ದು ಮೂರನೆಯದು. ಆ ಮೂರನ್ನು ನೋಡಿದ ಯಾರೇ ಆದರೂ ತಮ್ಮ ಕ್ರಮ ಹೇಳಬಹುದು, ತೀರ್ಪುಗಾರರ ಜೊತೆ ವಾದ ಮಾಡಬಹುದು. ಸುಲೋಚನಾ ವಿಷಯದಲ್ಲಿ ಆ ಅನುಕೂಲವಿಲ್ಲ. ಅದಕ್ಕೆ ಕಾರಣ ಅವರ ನಟನೆಯಲ್ಲಿಲ್ಲ, ಪ್ರಶಸ್ತಿಗಳು ಬೆಳೆದು ಬಂದ ರೀತಿಯಲ್ಲಿದೆ.

1954ರಲ್ಲಿ ಫಿಲ್ಮ್‌ಫೇರ್ ಶುರುವಾದಾಗ ಕೊಟ್ಟದ್ದು ಐದೇ ಪ್ರಶಸ್ತಿ: ಚಿತ್ರ, ನಿರ್ದೇಶಕ, ನಟ, ನಟಿ, ಸಂಗೀತ. ಪೋಷಕ ಪಾತ್ರಗಳ ವಿಭಾಗ ಬಂದದ್ದು ಮರುವರ್ಷ. ಅದು ಹಿಂದಿ ಚಿತ್ರಗಳ ಲೆಕ್ಕ. ಸುಲೋಚನಾ ನಾಯಕಿಯಾಗಿ ಮೆರೆದದ್ದು ಮರಾಠಿಯಲ್ಲಿ. ರಾಷ್ಟ್ರಪ್ರಶಸ್ತಿ 1954ರಲ್ಲೇ ಆರಂಭವಾದರೂ ಅಲ್ಲಿ ಚಿತ್ರಗಳಿಗೆ ಮಾತ್ರ ಗೌರವವಿತ್ತು. ನಟ ನಟಿಯರಿಗೆ ಪ್ರಶಸ್ತಿ ಸೇರಿದ್ದು 1967ರ ಚಿತ್ರಗಳಿಂದ. ಮೊದಲ ಸಲ ನಟಿಯ ಪ್ರಶಸ್ತಿ ಹೋದದ್ದು ‘ರಾತ್ ಔರ್ ದಿನ್’ ಚಿತ್ರದ ನರ್ಗಿಸ್ ಅವರಿಗೆ. ಪೋಷಕ ನಟಿ ಎಂಬ ವಿಭಾಗ ಹುಟ್ಟಿದ್ದು 1984ರ ಚಿತ್ರಗಳಿಗೆ, ‘ಪಾರ್ಟಿ’ ಚಿತ್ರಕ್ಕಾಗಿ ರೋಹಿಣಿ ಹಟ್ಟಂಗಡಿ ಅದನ್ನು ಪಡೆದರು. ಅಷ್ಟರಲ್ಲಿ ಸುಲೋಚನಾ ಅವರಿಗೆ ವಯಸ್ಸು ಐವತ್ತಾರು, ಮುಖ್ಯ ಕೆಲಸವೆಲ್ಲ ಮುಗಿದಿತ್ತು. ಮರಾಠಿ ನಾಯಕಿಯಾಗಿದ್ದಾಗ ಅಳೆಯುವ ಕೋಲೇ ಇರಲಿಲ್ಲ, ಹಿಂದಿಯಲ್ಲಿ ಕೋಲು ಬಂದಾಗ ಅವರು ತಾಯಿಯ ಪಾತ್ರಕ್ಕೆ ಸರಿದಿದ್ದರು. ಆ ಪಾತ್ರದಲ್ಲಿ ನಿರೂಪಾ ರಾಯ್ ‘ಮುನೀಮ್‌ಜಿ’, ‘ಛಾಯಾ’, ‘ಶಹನಾಯಿ’ ಚಿತ್ರಗಳಿಗೆ ಮೂರು ಸಲ ಫಿಲ್ಮ್‌ಫೇರ್ ಗೆದ್ದರು. ಸುಲೋಚನಾ ಅವರಿಗೆ ಯಾವ ಒಂದು ಪಾತ್ರಕ್ಕೂ ಅದು ಸಿಗಲಿಲ್ಲ. ಪದ್ಮಶ್ರೀ 1999ರಲ್ಲಿ ಬಂತು, ಜೀವಮಾನ ಸಾಧನೆಯ ಫಿಲ್ಮ್‌ಫೇರ್ 2004ರಲ್ಲಿ, 2009ರ ಸಾಲಿನ ಮಹಾರಾಷ್ಟ್ರ ಭೂಷಣವೂ ಸಿಕ್ಕಿತು. ಎಲ್ಲವೂ ಇಡೀ ಬದುಕಿಗೆ ಕೊಟ್ಟ ಗೌರವಗಳು. ಯಾವ ಪಾತ್ರ ದೊಡ್ಡದು ಎಂದು ಅವು ಹೇಳುವುದಿಲ್ಲ, ಆ ಕೆಲಸ ನೋಡಿದವರ ಪಾಲಿಗೆ ಉಳಿಯಿತು.

ನನ್ನ ಅಳತೆ ಸರಳ. ಆ ಪಾತ್ರವನ್ನು ಬೇರೊಬ್ಬ ನಟಿಗೆ ಕೊಟ್ಟಿದ್ದರೆ ಚಿತ್ರ ಎಷ್ಟು ಕಳೆದುಕೊಳ್ಳುತ್ತಿತ್ತು ಎಂದು ಕೇಳಿಕೊಳ್ಳುತ್ತೇನೆ. ಸುಲೋಚನಾ ಅವರ ಒಂದು ಪಾತ್ರಕ್ಕೆ ಈ ಪರೀಕ್ಷೆ ನಿಜವಾಗಿಯೂ ನಡೆದಿದೆ. 1953ರ ‘ವಹಿನೀಂಚ್ಯಾ ಬಾಂಗಡ್ಯಾ’ ಚಿತ್ರದಲ್ಲಿ ಅವರು ಗಂಡನ ಎಳೆಯ ತಮ್ಮನನ್ನು ಹೊಟ್ಟೆಯ ಮಗನ ಹಾಗೆ ಸಾಕುವ ಅತ್ತಿಗೆ. ಎದುರಿಗೆ ವಿವೇಕ್, ನಿರ್ದೇಶನ ಶಾಂತಾರಾಮ ಆಠವಲೆ, ಸಂಗೀತ ಸುಧೀರ ಫಡಕೆ. ಎಂಟು ವರ್ಷದ ಮೇಲೆ ಅದೇ ಕಥೆ ಹಿಂದಿಗೆ ಹೋಗಿ ‘ಭಾಭಿ ಕಿ ಚೂಡಿಯಾಂ’ ಆಯಿತು. ಸಂಗೀತ ಮತ್ತೆ ಫಡಕೆಯವರದೇ. ಅತ್ತಿಗೆಯ ಪಾತ್ರ ಮಾತ್ರ ಮೀನಾಕುಮಾರಿಗೆ ಹೋಯಿತು. ಎರಡನ್ನೂ ನೋಡಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಮೀನಾಕುಮಾರಿಯ ಅತ್ತಿಗೆ ಬಂದ ಕೂಡಲೇ ಮುಂದೆ ದುಃಖ ಕಾದಿದೆ ಎಂದು ಗೊತ್ತಾಗಿಬಿಡುತ್ತದೆ. ಆ ಕಣ್ಣು, ಆ ದನಿ ಮೊದಲೇ ಹೇಳಿಬಿಡುತ್ತವೆ. ಸುಲೋಚನಾ ಅವರದು ಮನೆಗೆಲಸದಲ್ಲಿ ಮುಳುಗಿದ ಅತ್ತಿಗೆ. ತನಗೆ ಏನಾಗುತ್ತಿದೆ ಎಂದು ಯೋಚಿಸಲು ಪುರಸೊತ್ತಿಲ್ಲದ ಹೆಂಗಸು. ಇಪ್ಪತ್ತೈದು ವಯಸ್ಸಿನ ನಟಿಗೆ ಆ ಸಂಯಮ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಮೀನಾಕುಮಾರಿಯ ಅಭಿಮಾನಿಗಳು ಕೋಪಿಸಿಕೊಳ್ಳಲಿ, ಈ ಒಂದು ಪಾತ್ರದಲ್ಲಿ ಖಡಕಲಾಟದವರದೇ ಮೇಲುಗೈ ಎಂಬುದು ನನ್ನ ನಂಬಿಕೆ.

ಆದರೂ ನನ್ನ ಮೊದಲ ಸ್ಥಾನ ಅದಕ್ಕಲ್ಲ, ಅದಕ್ಕೆ ಎರಡನೆಯದು. ಮೊದಲನೆಯದು ‘ಸುಜಾತಾ’ ಚಿತ್ರದ ಚಾರುವಿಗೆ. ಬಿಮಲ್ ರಾಯ್ ನಿರ್ದೇಶನದ, 1959ರ ಈ ಚಿತ್ರ ಮುಂದಿನ ವರ್ಷ ಫಿಲ್ಮ್‌ಫೇರ್‌ನಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟಿ, ಕಥೆ ಎಂದು ನಾಲ್ಕು ಪ್ರಶಸ್ತಿ ಬಾಚಿತು. ನಟಿಯ ಪ್ರಶಸ್ತಿ ನೂತನ್‌ಗೆ, ಕಥೆಯದು ಸುಬೋಧ ಘೋಷ್‌ಗೆ. ಆ ವರ್ಷದ ಪೋಷಕ ನಟಿ ಲಲಿತಾ ಪವಾರ್, ‘ಅನಾಡಿ’ ಚಿತ್ರಕ್ಕಾಗಿ. ‘ಸುಜಾತಾ’ದಲ್ಲೂ ಲಲಿತಾ ಪವಾರ್ ಇದ್ದಾರೆ, ಜಾತಿಯ ಮಡಿಯನ್ನು ಬಿಡದ ಹಿರಿಯ ಹೆಂಗಸಾಗಿ. ಆ ಪಾತ್ರದ ನಿಲುವು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಚಾರುವಿನದು ಹಾಗೆ ಗೊತ್ತಾಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ.

ಕಥೆ ಮರೆತವರಿಗಾಗಿ ನಾಲ್ಕು ಮಾತು. ಎಂಜಿನಿಯರ್ ಉಪೇನ್‌ನ ಮನೆಯಲ್ಲಿ ಮಗಳು ರಮಾಳ ಹುಟ್ಟುಹಬ್ಬ ನಡೆದಿರುವಾಗ ಕಾಲರಾದಿಂದ ತಂದೆತಾಯಿ ಸತ್ತ ಕೂಸನ್ನು ತಂದು ಬಿಡುತ್ತಾರೆ. ಕೂಸು ಅಸ್ಪೃಶ್ಯ ಜಾತಿಯದು. ಇವತ್ತು ಕಳಿಸೋಣ, ನಾಳೆ ಕಳಿಸೋಣ ಎನ್ನುತ್ತಲೇ ಅದು ಸುಜಾತಾ ಎಂಬ ಹೆಸರಿನಲ್ಲಿ ಮನೆಯಲ್ಲೇ ಬೆಳೆಯುತ್ತದೆ. ಉಪೇನ್‌ನ ಹೆಂಡತಿ ಚಾರು ಕೆಟ್ಟ ಹೆಂಗಸಲ್ಲ. ಹುಡುಗಿಯನ್ನು ಬಡಿಯುವುದಿಲ್ಲ, ಉಪವಾಸ ಕೆಡವುವುದಿಲ್ಲ, ಪ್ರೀತಿಯೂ ಇದೆ. ಹೊರಗಿನವರು ಬಂದಾಗ ಮಾತ್ರ ಪರಿಚಯ ಮಾಡಿಕೊಡುವ ರೀತಿ ಬೇರೆಯಾಗುತ್ತದೆ: ಇವಳು ನಮ್ಮ ಮಗಳಿದ್ದ ಹಾಗೆ. ಹೆತ್ತವಳನ್ನು ಮಗಳು ಎನ್ನುತ್ತಾಳೆ, ಸಾಕಿದವಳನ್ನು ಮಗಳ ಹಾಗೆ ಎನ್ನುತ್ತಾಳೆ. ಇದನ್ನು ಸುಲೋಚನಾ ಹೇಳುವಾಗ ನೋಡಿ. ಚುಚ್ಚಬೇಕೆಂಬ ಉದ್ದೇಶ ದನಿಯಲ್ಲಿ ಎಳ್ಳಷ್ಟೂ ಇಲ್ಲ, ನಾಚಿಕೆಯೂ ಇಲ್ಲ. ಊಟಕ್ಕೆ ಕೂಡ್ರಿ ಎನ್ನುವಷ್ಟು ಸಹಜವಾಗಿ ಬರುತ್ತದೆ ಆ ಮಾತು. ಕೇಳಿಸಿಕೊಳ್ಳುವ ಸುಜಾತಾಳ ಮುಖ ಬಾಡುವುದು ಚಾರುವಿಗೆ ಕಾಣುವುದೇ ಇಲ್ಲ. ದುಷ್ಟೆಯಾಗಿ ಆಡಿದ್ದರೆ ನಾವು ಅವಳನ್ನು ಬೈದು ಮನೆಗೆ ಹೋಗುತ್ತಿದ್ದೆವು. ಒಳ್ಳೆಯ ಹೆಂಗಸಾಗಿ ಆಡಿದ್ದರಿಂದ ನಮ್ಮ ಮನೆಯ ಹಿರಿಯರ ಮುಖ, ನಮ್ಮದೇ ಮುಖ ಅಲ್ಲಿ ಕಾಣುತ್ತದೆ. ನಮ್ಮ ಭಾಗದ ಊರುಗಳಲ್ಲಿ ಅಂಗಳದ ತನಕ ಪ್ರೀತಿ, ಅಡುಗೆಮನೆಗೆ ಬೇಡ ಎಂಬ ರೀತಿಯನ್ನು ನೋಡಿ ಬೆಳೆದ ನನಗೆ ಆ ಪಾತ್ರ ಪರಕೀಯ ಅನಿಸಲೇ ಇಲ್ಲ.

ಅದೇ ಚಿತ್ರದ ಜೋಗುಳವನ್ನೂ ನೆನಪಿಸಿಕೊಳ್ಳಿ. ಎಸ್.ಡಿ. ಬರ್ಮನ್ ಸಂಗೀತ, ಗೀತಾ ದತ್ ದನಿ. ಹಾಡುವವಳು ಚಾರು, ತನ್ನ ಮಗಳನ್ನು ಮಲಗಿಸಲು. ಹಾಡು ಮನೆಯಲ್ಲಿರುವ ಇನ್ನೊಂದು ಕೂಸಿಗೂ ಕೇಳುತ್ತದೆ. ಹಾಡು ಬೇರೆಯವರದಾದರೂ ಆ ಮುಖದ ಮೆದುತನ ಸುಲೋಚನಾ ಅವರದು. ಈ ದೃಶ್ಯ ಮನಸ್ಸಿನಲ್ಲಿ ಇರುವುದರಿಂದಲೇ ಕೊನೆಗೆ, ಗಾಯಗೊಂಡ ಚಾರುವಿಗೆ ಸುಜಾತಾಳ ರಕ್ತವೇ ಹೊಂದಿಕೆಯಾಗಿ, ಅವಳು ಆ ಹುಡುಗಿಯನ್ನು ಮಗಳೆಂದು ಬಾಯಿತುಂಬ ಒಪ್ಪಿಕೊಂಡಾಗ ನಾವು ನಂಬುತ್ತೇವೆ. ಕಾಗದದ ಮೇಲೆ ಅದು ಅತಿ ಸುಲಭದ ಪರಿಹಾರ. ರಕ್ತ ಕೊಟ್ಟ ಮಾತ್ರಕ್ಕೆ ಜಾತಿ ಹೋಗುತ್ತದೆಯೇ ಎಂದು ಕೇಳುವವರ ಆಕ್ಷೇಪ ನ್ಯಾಯವಾದದ್ದೇ. ಆ ಸುಲಭವನ್ನು ಸಹ್ಯ ಮಾಡಿದ್ದು ನಟನೆ. ಅಂದಹಾಗೆ ಆಗ ಸುಲೋಚನಾ ಅವರಿಗೆ ಮೂವತ್ತರ ಆಸುಪಾಸು. ಮಗಳು ರಮಾ ಆಗಿ ನಟಿಸಿದ ಶಶಿಕಲಾ ಸುಲೋಚನಾ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು.

ಮೂರನೆಯ ಸ್ಥಾನ ‘ಮೋಲಕರೀಣ’ಗೆ. 1963ರ ಮರಾಠಿ ಚಿತ್ರ, ನಿರ್ದೇಶನ ಯಶವಂತ ಪೇಠಕರ, ಜೊತೆಗೆ ರಮೇಶ್ ದೇವ್ ಮತ್ತು ಸೀಮಾ. ಮಗನ ಮನೆಯಲ್ಲೇ ಕೆಲಸದಾಕೆಯಾಗಿ ಪಾತ್ರೆ ತಿಕ್ಕುವ ತಾಯಿಯ ಕಥೆ. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಜರಡಿ ಹಿಡಿಯುತ್ತಿದ್ದ, ಬೀಡಿ ಕಟ್ಟುತ್ತಿದ್ದ ಹೆಂಗಸರ ಪೀಳಿಗೆ ಈ ಚಿತ್ರವನ್ನು ತಮ್ಮದೆಂದೇ ತಿಳಿದಿತ್ತು. ನಮ್ಮ ಸೋದರತ್ತೆ ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಮರಾಠಿ ಓದಲು ಬರುತ್ತಿರಲಿಲ್ಲ. ಆದರೂ ಈ ಚಿತ್ರದ ಕಥೆಯನ್ನು ಸಂಭಾಷಣೆ ಸಮೇತ ಹೇಳುತ್ತಿದ್ದಳು, ಆಶಾ ಭೋಸ್ಲೆ ಹಾಡಿದ ಹಾಡು ಗುನುಗುತ್ತ ಜೋಳ ಹಸನು ಮಾಡುತ್ತಿದ್ದಳು. ಯಾವುದು ಮೊದಲ ನಂಬರ್ ಎಂದು ಅವಳನ್ನು ಕೇಳಿದ್ದರೆ ಎರಡನೆಯ ಮಾತೇ ಇರುತ್ತಿರಲಿಲ್ಲ. ಅಳು ತರಿಸಿದ ಪಾತ್ರವೇ ದೊಡ್ಡದು ಎನ್ನುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ದುಡಿದು ಬಂದ ಹೆಂಗಸು ತೆರೆಯ ಮೇಲಿನ ತಾಯಿಗಾಗಿ ಅಳುವಾಗ ಅವಳಿಗೆ ತನ್ನ ಬದುಕೂ ಎದುರಿಗಿರುತ್ತದೆ. ಆದರೆ ನಟನೆಯ ಲೆಕ್ಕದಲ್ಲಿ ನೋಡಿದರೆ ‘ಮೋಲಕರೀಣ’ದ ಕಥೆಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಚಾರುವಿನ ಪಾತ್ರದಲ್ಲಿ ಆ ಆಸರೆ ಇರಲಿಲ್ಲ. ಈ ಒಂದು ಕಾರಣಕ್ಕೆ ನಾನು ಅತ್ತೆಯ ತೀರ್ಪಿನಿಂದ ದೂರ ನಿಲ್ಲುತ್ತೇನೆ.

ದೂರ ಹೋದ ಮಗನಿಗಾಗಿ ಕಾಯುವ ತಾಯಿಯಾಗಿ ಅವರು ನಟಿಸಿದ ‘ಏಕಟಿ’ಯನ್ನು ನಾಲ್ಕನೆಯದಾಗಿ ಇಡುತ್ತೇನೆ. 1968ರ ಚಿತ್ರ, ರಾಜಾ ಠಾಕೂರ್ ನಿರ್ದೇಶನ, ಜೊತೆಗೆ ಕಾಶೀನಾಥ ಘಾಣೇಕರ್. ಮಕ್ಕಳು ಪುಣೆ, ಬೆಂಗಳೂರು, ವಿದೇಶ ಎಂದು ಹೊರಟುಹೋದ ಮನೆಗಳು ಈಗ ರಾಯಬಾಗ, ಕಾಗವಾಡದ ಹಳ್ಳಿಗಳಲ್ಲೂ ಸಾಕಷ್ಟಿವೆ. ಹೀಗಾಗಿ ಈ ಚಿತ್ರದ ಸ್ಥಾನ ಮುಂದಿನ ದಿನಗಳಲ್ಲಿ ಮೇಲೇರಿದರೂ ಆಶ್ಚರ್ಯವಿಲ್ಲ. ಜೀಜಾಬಾಯಿ ಪಾತ್ರವನ್ನು ಏಕೆ ಬಿಟ್ಟಿರಿ ಎಂದು ನಿಪ್ಪಾಣಿಯಿಂದ ಖಂಡಿತ ಕೇಳುತ್ತಾರೆ. 1964ರ ‘ಮರಾಠಾ ತಿತುಕಾ ಮೇಳವಾವಾ’ದಲ್ಲಿ ಅವರನ್ನು ನೋಡಿದವರಿಗೆ ಜೀಜಾಮಾತೆ ಎಂದರೆ ಇವತ್ತಿಗೂ ಅದೇ ಮುಖ. ಆದರೆ ಅಲ್ಲಿ ಪ್ರೇಕ್ಷಕ ಕೈಮುಗಿದುಕೊಂಡೇ ಒಳಗೆ ಬಂದಿರುತ್ತಾನೆ. ಭಕ್ತಿ ಮೊದಲೇ ತುಂಬಿರುವಲ್ಲಿ ನಟನೆಯನ್ನು ತೂಗುವುದು ನನ್ನಿಂದಾಗದು, ಹಾಗಾಗಿ ಅದನ್ನು ಕ್ರಮದ ಹೊರಗೆ ಇಡುತ್ತೇನೆ.

ಹಿಂದಿ ಚಿತ್ರಗಳನ್ನು ಮಾತ್ರ ನೋಡಿದ ಕಿರಿಯ ಓದುಗರ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ಕಟಿ ಪತಂಗ್’, ‘ಜಾನಿ ಮೇರಾ ನಾಮ್’, ‘ಮಜಬೂರ್’ ಇರುತ್ತವೆ. ಎಂಬತ್ತರ ದಶಕದಲ್ಲಿ ಭಾನುವಾರ ಸಂಜೆ ದೂರದರ್ಶನದ ಹಿಂದಿ ಸಿನಿಮಾಕ್ಕೆ ಓಣಿಯ ಮಂದಿಯೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದ ಕಾಲದಲ್ಲಿ, ನಾಯಕನ ತಾಯಿಯಾಗಿ ಅವರು ಬಂದ ಕೂಡಲೇ “ನಮ್ಮ ಖಡಕಲಾಟದಾಕಿ” ಎಂದು ಯಾರಾದರೂ ಹಿರಿಯರು ಹೇಳುತ್ತಿದ್ದರು. ಆ ಪಾತ್ರಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಕೆಲವೇ ದೃಶ್ಯ. 1970ರ ‘ಜಾನಿ ಮೇರಾ ನಾಮ್’ ನೋಡಿ. ಅದರಲ್ಲಿ ಅವರು ದೇವ್ ಆನಂದ್ ಮತ್ತು ಪ್ರಾಣ್ ಇಬ್ಬರ ತಾಯಿ. ಆಗ ದೇವ್ ಆನಂದ್‌ಗೆ 47, ಪ್ರಾಣ್‌ಗೆ 50, ತಾಯಿಗೆ 42. ನಾಯಕ ಮುಪ್ಪಾಗುವ ಹಾಗಿಲ್ಲ, ಅವನ ಜೊತೆಗೋ ಅವನಿಗಿಂತ ತಡವಾಗಿಯೋ ಹುಟ್ಟಿದ ನಟಿ ಅವನ ತಾಯಿಯಾಗಬೇಕು. ಕನ್ನಡದಲ್ಲೂ ನಡೆದದ್ದು ಇದೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರ ನಾಯಕಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾದರು. ಆ ಅನ್ಯಾಯವನ್ನು ಸುಲೋಚನಾ ಕೆಲಸವಾಗಿ ಸ್ವೀಕರಿಸಿ, ಎರಡು ದೃಶ್ಯದಲ್ಲಿ ಒಂದು ಮನೆಯ ಇತಿಹಾಸವನ್ನೇ ನಂಬಿಸಿದರು. ಐದನೆಯ ಸ್ಥಾನವನ್ನು ಇಂಥ ಪಾತ್ರಗಳ ಪರವಾಗಿ ‘ಜಾನಿ ಮೇರಾ ನಾಮ್’ಗೆ ಕೊಡುತ್ತೇನೆ. ಪಾತ್ರ ಸಣ್ಣದು, ಆದರೆ ತನಗಿಂತ ಎಂಟು ವರ್ಷ ಹಿರಿಯ ಪ್ರಾಣ್‌ನನ್ನು ಕಳೆದುಹೋಗಿದ್ದ ಮಗನೆಂದು ನಂಬಿಸಿದ್ದು ಸಣ್ಣದಲ್ಲ.

ಪ್ರಶಸ್ತಿಗೂ ಜನರ ಒಲವಿಗೂ ತಾಳೆಯಾಗಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಪಕ್ಕದ ತೇರದಾಳದಿಂದ ಶಾಸಕಿಯೂ ಆಗಿದ್ದ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ‘ಗುಲಾಬಿ ಟಾಕೀಸ್’. ಈ ಭಾಗದಲ್ಲಿ ಹತ್ತು ಮಂದಿಯನ್ನು ಕೇಳಿದರೆ ಹೆಚ್ಚಿನವರು ಹೇಳುವುದು ‘ಪುಟ್ನಂಜ’ದ ಪುಟ್ಮಲ್ಲಿ. ಎರಡೂ ಉತ್ತರ ಅವರವರ ಮಟ್ಟಿಗೆ ಸರಿ. ಆದರೆ ‘ಗುಲಾಬಿ ಟಾಕೀಸ್’ ನೋಡದೆಯೇ ಪುಟ್ಮಲ್ಲಿಯನ್ನು ಮೊದಲು ಇಡುವುದು ತೂಕವಲ್ಲ. ಸುಲೋಚನಾ ಬಗ್ಗೆ ನಡೆಯುವ ವಾದದ ತೊಂದರೆಯೂ ಇದೇ. ಹಿಂದಿ ಚಿತ್ರಗಳು ಸುಲಭವಾಗಿ ಸಿಗುತ್ತವೆ, ಮರಾಠಿಯವು ಹುಡುಕಿದರೆ ಸಿಗುತ್ತವೆ. ಕನ್ನಡವಷ್ಟೇ ಬಲ್ಲ ಹುಡುಗರು ‘ವಹಿನೀಂಚ್ಯಾ ಬಾಂಗಡ್ಯಾ’ ನೋಡುವ ಗೋಜಿಗೆ ಹೋಗುವುದು ಅಪರೂಪ.

ಚಿಕ್ಕೋಡಿ, ನಿಪ್ಪಾಣಿ, ಅಥಣಿಯಲ್ಲಿ ಪದವಿ ಕಾಲೇಜುಗಳಿವೆ, ಎರಡೂ ಭಾಷೆ ಬಲ್ಲ ಅಧ್ಯಾಪಕರಿದ್ದಾರೆ. ಬರುವ ಜುಲೈ 30ಕ್ಕೆ ಯಾವುದಾದರೂ ಒಂದು ಕಾಲೇಜು ಬೆಳಗ್ಗೆ ‘ವಹಿನೀಂಚ್ಯಾ ಬಾಂಗಡ್ಯಾ’, ಮಧ್ಯಾಹ್ನ ‘ಸುಜಾತಾ’ ತೋರಿಸಲಿ. ಮರಾಠಿ ಬಾರದವರಿಗೆ ಪಕ್ಕದಲ್ಲಿ ಕೂತವರು ಕಥೆ ಹೇಳಲಿ. ನಮ್ಮ ಸೀಮೆಯಲ್ಲಿ ಸಿನಿಮಾ ನೋಡಿದ್ದೇ ಹಾಗೆ. ನೋಡಿದ ಮೇಲೆ ನನ್ನ ಒಂದು ಮತ್ತು ಎರಡನ್ನು ಅದಲುಬದಲು ಮಾಡಬೇಕು ಅನಿಸಿದರೆ, ಯಾವ ದೃಶ್ಯಕ್ಕಾಗಿ ಎಂದು ತಿಳಿಸಿ ಬರೆಯಿರಿ. ಅಂಥ ಪತ್ರಗಳನ್ನು ಇದೇ ಜಾಗದಲ್ಲಿ ಹಾಕುತ್ತೇನೆ.